ಕಲ್ಯಾಣಕ್ಕೆ ಬಂದ ಗ್ರೀಕ್ ಹಡಗು, ಕಾರ್ಲೆಯಲ್ಲಿ ಸಿಕ್ಕ ಬನವಾಸಿ ಸೆಟ್ಟಿ

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆಫೀಸಿನಲ್ಲಿ, ಲೋಕಲ್‌ನಲ್ಲಿ ಸೌಂಡ್ ಹಾಕಿ ಕೇಳೋಕೆ ಆಗಲ್ಲ ಅನ್ನುವವರಿಗಾಗಿ. ತಡವರಿಕೆಗಳನ್ನು ತೆಗೆದಿದ್ದೇನೆ, ಉಳಿದದ್ದು ಮಾತಾಡಿದ ಹಾಗೇ ಇದೆ.)



ನಾನು ಇರೋದು ಕಲ್ಯಾಣದಲ್ಲಿ, ಕೆಲಸ ಐರೋಲಿಯಲ್ಲಿ. ಬೆಳಗ್ಗೆ ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿಂದ ಟ್ರಾನ್ಸ್ ಹಾರ್ಬರ್ ಲೈನ್. ನಿಮ್ಮಲ್ಲಿ ಎಷ್ಟೋ ಜನರ ಬೆಳಗೂ ಹೀಗೇ ಶುರುವಾಗುತ್ತೆ. ಹನ್ನೊಂದು ವರ್ಷ ಈ ಊರಲ್ಲಿದ್ದೂ ಕಲ್ಯಾಣ ಅಂದರೆ ನನಗೆ ಒಂದು ಜಂಕ್ಷನ್, ಅಷ್ಟೆ. ಆಮೇಲೆ ಗೊತ್ತಾಯಿತು, ಸುಮಾರು ಎರಡು ಸಾವಿರ ವರ್ಷದ ಹಿಂದೆ ಒಬ್ಬ ಗ್ರೀಕ್ ವ್ಯಾಪಾರಿ ನಮ್ಮ ಕಲ್ಯಾಣದ ಬಗ್ಗೆ ದೂರು ಬರೆದಿಟ್ಟಿದ್ದಾನೆ ಅಂತ.

ಅವನ ಹೆಸರು ಯಾರಿಗೂ ಗೊತ್ತಿಲ್ಲ. ಈಜಿಪ್ಟಿನಲ್ಲಿದ್ದವನು, ಬರೆದದ್ದು ಗ್ರೀಕ್‌ನಲ್ಲಿ. ಪುಸ್ತಕದ ಹೆಸರು 'ಪೆರಿಪ್ಲಸ್', ಎರಿತ್ರಿಯನ್ ಸಮುದ್ರದ ಸುತ್ತುಪಯಣ ಅನ್ನಬಹುದು. ಕ್ರಿ.ಶ. ಮೊದಲ ಶತಮಾನದ ನಡುಭಾಗದ್ದು. ಯಾವ ಬಂದರಿನಲ್ಲಿ ಏನು ಸಿಗುತ್ತೆ, ಏನು ಮಾರಾಟವಾಗುತ್ತೆ, ಎಲ್ಲಿ ಕಡಲುಗಳ್ಳರ ಕಾಟ, ಎಲ್ಲವನ್ನೂ ಬರೆದಿದ್ದಾನೆ. ಅದರಲ್ಲಿ ಸುಪ್ಪಾರ, ಕಲ್ಲಿಯೇನ, ಸೆಮಿಲ್ಲ ಅಂತ ಮೂರು ಹೆಸರು ಬರುತ್ತವೆ. ಸುಪ್ಪಾರ ಅಂದರೆ ನಾಲಾಸೋಪಾರದ ಸೋಪಾರ. ಕಲ್ಲಿಯೇನ ಅಂದರೆ ಕಲ್ಯಾಣ. ಸೆಮಿಲ್ಲ ಅಂದರೆ ಅಲಿಬಾಗ್ ಕಡೆಯ ಚೌಲ್. ಅಂದರೆ ವೆಸ್ಟರ್ನ್ ಲೈನಿನ ಒಂದು ಸ್ಟೇಷನ್ನು, ಸೆಂಟ್ರಲ್ ಲೈನಿನ ಒಂದು ಸ್ಟೇಷನ್ನು, ಮತ್ತೆ ನಾವು ವೀಕೆಂಡಿಗೆ ಹೋಗುವ ಬೀಚಿನ ಪಕ್ಕದ ಊರು.

ಅವನ ದೂರು ಏನು? ಹಿಂದಿನ ಸಾತವಾಹನ ರಾಜನ ಕಾಲದಲ್ಲಿ ಕಲ್ಯಾಣ ಕಾಯಿದೆಬದ್ಧ ಮಾರುಕಟ್ಟೆಯಾಗಿತ್ತು. ಆಮೇಲೆ ಬೇರೊಬ್ಬನ ಕೈಗೆ ಹೋಯಿತು. ಈಗ ಅಪ್ಪಿತಪ್ಪಿ ಗ್ರೀಕ್ ಹಡಗು ಅಲ್ಲಿಗೆ ಬಂದರೆ ಕಾವಲು ಹಾಕಿ ಬರಿಗಾಜಕ್ಕೆ, ಅಂದರೆ ಗುಜರಾತಿನ ಭರೂಚಿಗೆ, ಒಯ್ಯುತ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ, ಒಂದು ಸರ್ವರ್‌ಗೆ ಬಂದ ರಿಕ್ವೆಸ್ಟನ್ನು ಇನ್ನೊಂದು ಸರ್ವರ್‌ಗೆ ಬಲವಂತವಾಗಿ ರೀಡೈರೆಕ್ಟ್ ಮಾಡಿದ ಹಾಗೆ. ಸುಂಕ ಯಾರ ಬೊಕ್ಕಸಕ್ಕೆ ಹೋಗಬೇಕು ಅನ್ನೋ ಜಗಳ.

ಇವತ್ತಿನ ಮಾತು ಗ್ರೀಕ್ ಸಂಸ್ಕೃತಿ ಹೇಗೆ ಹರಡಿತು ಅನ್ನುವುದರ ಬಗ್ಗೆ. ಅಲೆಕ್ಸಾಂಡರ್ ಬಂದ, ಗೆದ್ದ, ಹರಡಿದ ಅಂತ ಸ್ಕೂಲಿನಲ್ಲಿ ಓದಿದ್ದೇವೆ. ಆದರೆ ಅಲೆಕ್ಸಾಂಡರ್ ಪಂಜಾಬಿನ ಬಿಯಾಸ್ ನದಿಯ ಹತ್ತಿರವೇ ಹಿಂದೆ ತಿರುಗಿದ. ನಮ್ಮ ಕರಾವಳಿಗೆ ಗ್ರೀಕರು ಬಂದದ್ದು ಸೈನ್ಯ ಕಟ್ಟಿಕೊಂಡಲ್ಲ, ಸರಕು ಕಟ್ಟಿಕೊಂಡು. ನಾವು ಬಂದ ಹಾಗೇ, ಕೆಲಸಕ್ಕೆ.

ಅವರು ಬರುತ್ತಿದ್ದದ್ದು ಮಳೆಗಾಲದ ಗಾಳಿ ನೋಡಿಕೊಂಡು. ಜುಲೈ ಹೊತ್ತಿಗೆ ಈಜಿಪ್ಟಿನ ಕೆಂಪು ಸಮುದ್ರದ ಬಂದರು ಬಿಟ್ಟರೆ ನೈಋತ್ಯ ಮಾರುತ ತಳ್ಳಿಕೊಂಡು ಬರುತ್ತೆ. ವಾಪಸ್ ಹೋಗಬೇಕಂದರೆ ಗಾಳಿ ತಿರುಗುವವರೆಗೆ, ಚಳಿಗಾಲದವರೆಗೆ, ಕಾಯಬೇಕು. ಅಂದರೆ ಬಂದವನು ತಿಂಗಳುಗಟ್ಟಲೆ ಇಲ್ಲೇ ಇರಬೇಕು. ತರುತ್ತಿದ್ದದ್ದು ದ್ರಾಕ್ಷಾರಸ, ತಾಮ್ರ, ತವರ, ಸೀಸ, ಹವಳ, ಚಿನ್ನ ಬೆಳ್ಳಿ ನಾಣ್ಯ. ಒಯ್ಯುತ್ತಿದ್ದದ್ದು ಹತ್ತಿ ಬಟ್ಟೆ, ದಂತ, ಬಣ್ಣದ ಕಲ್ಲು, ಹಿಪ್ಪಲಿ. ದಕ್ಷಿಣದ ಬಂದರುಗಳಿಂದ ಕರಿಮೆಣಸು. ಕೆಂಪು ಸಮುದ್ರದ ಬೆರೆನಿಕೆ ಬಂದರಿನಲ್ಲಿ ಅಗೆದಾಗ ಭಾರತದ ತೇಗದ ಮರ ಸಿಕ್ಕಿದೆ, ಮೆಣಸು ತುಂಬಿದ ಭಾರತದ ಮಡಕೆ ಸಿಕ್ಕಿದೆ. ಈಚೆಗೆ ಅಲ್ಲಿನ ಐಸಿಸ್ ದೇವಸ್ಥಾನದಲ್ಲಿ ಒಂದು ಬುದ್ಧನ ಮೂರ್ತಿಯೂ ಸಿಕ್ಕಿದೆ. ಹರಿವು ಎರಡೂ ಕಡೆಗಿತ್ತು.

ಈಗ ಸೋಪಾರಕ್ಕೆ ಬರೋಣ. 1882ರಲ್ಲಿ ಭಗವಾನ್‌ಲಾಲ್ ಇಂದ್ರಜಿ ಅನ್ನುವ ವಿದ್ವಾಂಸರು ಅಲ್ಲಿನ ಸ್ತೂಪವನ್ನು ಅಗೆಸಿದರು. ಅದೇ ಊರಲ್ಲಿ ಅಶೋಕನ ಎಂಟನೇ ಬಂಡೆ ಶಾಸನದ ತುಣುಕು ಸಿಕ್ಕಿತು. 1956ರಲ್ಲಿ ಪಕ್ಕದ ಭುಯಿಗಾಂವ್‌ನಲ್ಲಿ ಒಂಬತ್ತನೆಯದರ ತುಣುಕು ಸಿಕ್ಕಿತು. ಹದಿನಾಲ್ಕು ಶಾಸನಗಳ ಇಡೀ ಸರಣಿ ಅಲ್ಲಿ ಕೆತ್ತಿತ್ತು ಅಂತ ವಿದ್ವಾಂಸರ ಊಹೆ. ಆ ಸರಣಿಯ ಹದಿಮೂರನೆಯದರಲ್ಲಿ ಐದು ಗ್ರೀಕ್ ರಾಜರ ಹೆಸರುಗಳಿವೆ: ಅಂತಿಯೋಕ, ತುರಮಾಯ, ಅಂತೇಕಿನ, ಮಕ, ಅಲಿಕಸುದರ. ಅಂದರೆ ಆಂಟಿಯೋಕಸ್, ಟಾಲೆಮಿ, ಆಂಟಿಗೋನಸ್, ಮಾಗಸ್, ಅಲೆಕ್ಸಾಂಡರ್. ಈ ಅಲೆಕ್ಸಾಂಡರ್ ದೊಡ್ಡವನಲ್ಲ, ಅದೇ ಹೆಸರಿನ ಇನ್ನೊಬ್ಬ.

ನಮ್ಮ ಕೆಲಸದಲ್ಲಿ ಲೋಕಲೈಸೇಶನ್ ಅಂತ ಒಂದು ಇದೆಯಲ್ಲ, ಅದರ ಹಳೆಯ ಉದಾಹರಣೆ ಇಲ್ಲಿದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಚಂದ್ರಲಾಂಬಾ ದೇವಸ್ಥಾನದ ಆವರಣದ ಕಾಳಿ ಗುಡಿಯಲ್ಲಿ, ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನಗಳು ಸಿಕ್ಕವು. 1980ರ ದಶಕದಲ್ಲಿ ಗುಡಿಯ ಚಾವಣಿ ಕುಸಿದ ಮೇಲೆ ಬೆಳಕಿಗೆ ಬಂದದ್ದು. ಅದರಲ್ಲಿ ಹನ್ನೆರಡನೇ ಶಾಸನವೂ ಇದೆ: ನಿನ್ನ ಪಂಥವನ್ನೇ ಹೊಗಳಿಕೊಂಡು ಇನ್ನೊಬ್ಬರದನ್ನು ಹಳಿಯಬೇಡ, ನಾಲಿಗೆ ಹಿಡಿತದಲ್ಲಿರಲಿ ಅನ್ನುವುದು ಅದರ ತಿರುಳು. ಅದೇ ಹನ್ನೆರಡನೇ ಶಾಸನದ ಒಂದು ಭಾಗ ಅಫ್ಘಾನಿಸ್ತಾನದ ಕಂದಹಾರದಲ್ಲಿ ಗ್ರೀಕ್ ಭಾಷೆಯಲ್ಲಿ ಸಿಕ್ಕಿದೆ. ಭೀಮಾ ನದಿಯ ದಂಡೆಯಲ್ಲಿ ಪ್ರಾಕೃತ, ಕಂದಹಾರದಲ್ಲಿ ಗ್ರೀಕ್. ಒಂದೇ ಮಾತು, ಎರಡು ಬಿಲ್ಡು.

ಆ ಅನುವಾದಕ ಧರ್ಮ ಅನ್ನುವ ಪದಕ್ಕೆ 'ಯುಸೆಬಿಯಾ' ಅಂತ ಹಾಕಿದ, ದೇವರು ಹಿರಿಯರ ಬಗ್ಗೆ ಭಕ್ತಿ ಗೌರವ ಅನ್ನೋ ಅರ್ಥದ್ದು. ಪಂಥ ಅನ್ನುವುದಕ್ಕೆ ತತ್ವಶಾಸ್ತ್ರದ ಶಾಲೆ ಅನ್ನೋ ಅರ್ಥದ ಪದ ಹಾಕಿದ. ಓದುವವನಿಗೆ ಅವನ ಮನೆಯ ಪದದಲ್ಲೇ ತಲುಪಬೇಕು ಅಂತ ಯೋಚಿಸಿದವನು ಅವನು. ಯಾರೋ ಎರಡೂ ಭಾಷೆಯಲ್ಲಿ ಬದುಕುತ್ತಿದ್ದವನು.

ಈಗ ನನಗೆ ಎಲ್ಲಕ್ಕಿಂತ ಹತ್ತಿರವಾದ ಜಾಗ, ಕಾರ್ಲೆ. ಲೋಣಾವಳಕ್ಕೆ ಚಿಕ್ಕಿ ತರೋಕೆ ಎಷ್ಟು ಸಲ ಹೋಗಿದ್ದೀರಿ? ಅಲ್ಲಿಂದ ಸ್ವಲ್ಪ ಮುಂದೆ, ಬೆಟ್ಟದ ಮೇಲೆ, ಏಕವೀರಾ ದೇವಿಯ ಗುಡಿಯ ಪಕ್ಕದಲ್ಲೇ ಇದೆ ಕಾರ್ಲೆಯ ಚೈತ್ಯ. ಮುಂಬಯಿಯ ಕೋಳಿ ಜನರಿಗೆ ಅದು ಕುಲದೇವತೆ. ಅವರು ದೇವಿಯ ದರ್ಶನಕ್ಕೆ ಸಾಲು ನಿಂತಿರುತ್ತಾರೆ, ಪಕ್ಕದಲ್ಲಿ ಎರಡು ಸಾವಿರ ವರ್ಷದ ಬಂಡೆಯ ಮನೆ.

ಹೋದ ವರ್ಷ ನವೆಂಬರ್‌ನಲ್ಲಿ ಮಗಳನ್ನು ಕರೆದುಕೊಂಡು ಹೋಗಿದ್ದೆ. ಒಳಗಿನ ಕಂಬಗಳ ಮೇಲೆ ಬ್ರಾಹ್ಮೀ ಲಿಪಿಯಲ್ಲಿ ದಾನ ಕೊಟ್ಟವರ ಹೆಸರುಗಳಿವೆ. ಅವುಗಳಲ್ಲಿ ಹಲವು ಯವನರದು: ಧೇನುಕಾಕಟದ ಯವನ ಸಿಹಧಯನ ಕಂಬ, ಧೇನುಕಾಕಟದ ಯವನ ಯಸವಧನನ ಕಂಬ, ಯವನ ಚುಲಯಖನ ಕಂಬ. ಇವತ್ತು ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರು ಇರುತ್ತಲ್ಲ, ಥೇಟ್ ಹಾಗೆ.

ಯವನ ಅನ್ನೋ ಪದದ ಮೂಲ 'ಅಯೋನಿಯಾ', ಇವತ್ತಿನ ಟರ್ಕಿಯ ಕರಾವಳಿಯ ಗ್ರೀಕ್ ಪ್ರದೇಶ. ಪರ್ಷಿಯನ್ನರು ಅದನ್ನು 'ಯೌನ' ಅಂದರು, ನಮ್ಮಲ್ಲಿ ಯೋನ, ಯವನ ಆಯಿತು. ಆದರೆ ಹೆಸರುಗಳನ್ನು ಗಮನಿಸಿ. ಯಸವಧನ ಅಂದರೆ ಯಶೋವರ್ಧನ. ಥಿಯೋಡೋರಸ್ ಇಲ್ಲ, ಡಿಮಿಟ್ರಿಯಸ್ ಇಲ್ಲ. ಹೆಸರು ಇಲ್ಲಿನದು, ಭಾಷೆ ಇಲ್ಲಿನದು, ಲಿಪಿ ಇಲ್ಲಿನದು, ದೇವರು ಇಲ್ಲಿನದು. ಉಳಿದಿರೋದು 'ಯವನ' ಅನ್ನೋ ಒಂದು ಪದ. ಇವರು ರಕ್ತದಿಂದ ಗ್ರೀಕರೋ, ಗ್ರೀಕರ ಜತೆ ವ್ಯವಹಾರ ಮಾಡಿ ಆ ಹೆಸರು ಪಡೆದ ಇಲ್ಲಿಯವರೋ ಅಂತ ಇತಿಹಾಸಕಾರರಲ್ಲಿ ಚರ್ಚೆ ಇದೆ. ಯಾರೇ ಆಗಲಿ, ಕಲ್ಲಿನ ಮೇಲೆ ಹಾಕಿಸುವಾಗ ಆ ಒಂದು ಪದವನ್ನು ಬಿಡಲಿಲ್ಲ.

ಇನ್ನು ಚೈತ್ಯದ ಮುಂಭಾಗದಲ್ಲಿ ಇನ್ನೊಂದು ಶಾಸನ. ಈ ಶಿಲಾಗೃಹವನ್ನು ಪೂರ್ತಿ ಮಾಡಿಸಿದವನು ವೈಜಯಂತಿಯ ಸೆಟ್ಟಿ ಭೂತಪಾಲ, ಇಡೀ ಜಂಬೂದ್ವೀಪದಲ್ಲೇ ಇದು ಉತ್ತಮವಾದದ್ದು ಅಂತ ಬರೆಸಿದ್ದಾನೆ. ವೈಜಯಂತಿ ಯಾವುದು ಗೊತ್ತಾ? ಬನವಾಸಿ. ನಮ್ಮ ಶಿರಸಿಯಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ನಾನು ಸೈಕಲ್ ಮೇಲೆ ಹೋಗುತ್ತಿದ್ದ ಊರು.

ಅದನ್ನು ಓದಿದಾಗ ಮೈ ಜುಂ ಅಂತು, ಸುಳ್ಳು ಹೇಳಲ್ಲ. ಬನವಾಸಿಯಿಂದ ಘಟ್ಟದ ಮೇಲಿನ ದಾರಿಯಲ್ಲಿ ಇಷ್ಟು ದೂರ ಬಂದು ದುಡಿದ ಒಬ್ಬ ಸೆಟ್ಟಿ, ಸಮುದ್ರದ ಆಚೆಯ ಹೆಸರು ಹೊತ್ತ ಯವನರು, ಒಂದೇ ಚೈತ್ಯಕ್ಕೆ ದುಡ್ಡು ಹಾಕಿದ್ದಾರೆ. ಬನವಾಸಿಯ ಹೆಸರು ಆ ಹೊತ್ತಿಗೆ ಅಲೆಕ್ಸಾಂಡ್ರಿಯಾಕ್ಕೂ ಮುಟ್ಟಿತ್ತು. ಕ್ರಿ.ಶ. 150ರ ಸುಮಾರಿಗೆ ಭೂಗೋಳ ಬರೆದ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿ ಇದೆ, ಬಾದಾಮಿ ಇದೆ. ಪೈಠಣದ ರಾಜನ ಹೆಸರನ್ನು ಅವನು 'ಸಿರೋಪ್ಟೊಲೆಮಾಯೋಸ್' ಅಂತ ಬರೆದಿದ್ದಾನೆ. ಸಿರಿ ಪುಳುಮಾವಿ ಅನ್ನೋ ಸಾತವಾಹನನ ಹೆಸರು ಅವರ ಕಿವಿಗೆ ತಮ್ಮದೇ ಟಾಲೆಮಿ ಅಂತ ಕೇಳಿಸಿದೆ. ಹೆಸರು ಹಾಳಾಗೋದು ನಮ್ಮ ಆಫೀಸಿನ ಕಾಲ್‌ಗಳಲ್ಲಿ ಮಾತ್ರ ಅಲ್ಲ.

ಹಾಗಾದರೆ ಗ್ರೀಕರಿಂದ ನಮಗೆ ಉಳಿದದ್ದು ಏನು? ಕೊಲ್ಹಾಪುರದ ಬ್ರಹ್ಮಪುರಿಯಲ್ಲಿ 1940ರ ದಶಕದಲ್ಲಿ ಸಿಕ್ಕ ಪೊಸೈಡನ್ ದೇವರ ಕಂಚಿನ ಪುಟ್ಟ ವಿಗ್ರಹ ಅಲ್ಲಿನ ಮ್ಯೂಸಿಯಮ್ಮಿನಲ್ಲಿದೆ, ಅದನ್ನು ಕಣ್ಣಿಂದ ನೋಡಬಹುದು. ಆದರೆ ಹೆಚ್ಚಿನದು ಕಣ್ಣಿಗೆ ಕಾಣಲ್ಲ, ಬಾಯಲ್ಲಿದೆ. ಕೇಂದ್ರ ಸರ್ಕಾರ ಅನ್ನುತ್ತೇವಲ್ಲ, ಆ 'ಕೇಂದ್ರ' ಗ್ರೀಕಿನ 'ಕೆಂಟ್ರಾನ್'. ಮೆಟ್ರೋ ಓಡುವ 'ಸುರಂಗ' ಗ್ರೀಕಿನ 'ಸಿರಿಂಕ್ಸ್' ಅಂತ ಭಾಷಾಶಾಸ್ತ್ರದವರು ಹೇಳುತ್ತಾರೆ. ಪಂಚಾಂಗದ 'ಹೋರೆ' ಗ್ರೀಕಿನ 'ಹೋರಾ', ಗಂಟೆ.

ವಾರದ ಕ್ರಮ ಗೊತ್ತಲ್ಲ, ಅದರ ಹಿಂದೆ ಒಂದು ಸಣ್ಣ ಪ್ರೋಗ್ರಾಮ್ ಇದೆ. ನಿಧಾನ ಚಲಿಸುವ ಗ್ರಹದಿಂದ ವೇಗದ್ದಕ್ಕೆ ಬರೆದುಕೊಳ್ಳಿ: ಶನಿ, ಗುರು, ಮಂಗಳ, ಸೂರ್ಯ, ಶುಕ್ರ, ಬುಧ, ಚಂದ್ರ. ದಿನದ ಒಂದೊಂದು ಗಂಟೆಗೆ ಒಂದೊಂದು ಗ್ರಹ ಒಡೆಯ. ಏಳು ಮುಗಿದರೆ ಮತ್ತೆ ಮೊದಲಿಂದ. ಮೊದಲ ಗಂಟೆಯ ಒಡೆಯನ ಹೆಸರೇ ಆ ದಿನದ ಹೆಸರು. ಶನಿವಾರ ಶನಿಯಿಂದ ಶುರು. 24ನ್ನು 7ರಿಂದ ಭಾಗಿಸಿದರೆ ಶೇಷ 3. ಅಂದರೆ ಮರುದಿನದ ಮೊದಲ ಗಂಟೆ ಪಟ್ಟಿಯಲ್ಲಿ ಮೂರು ಮನೆ ಮುಂದೆ: ಸೂರ್ಯ. ಇನ್ನು ಮೂರು ಮನೆ: ಚಂದ್ರ. ಇನ್ನು ಮೂರು: ಮಂಗಳ. ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ. ಪೇಪರ್ ಮೇಲೆ ಮಾಡಿ ನೋಡಿ, ಸರಿಯಾಗಿ ಬರುತ್ತೆ.

ಈ ಲೆಕ್ಕ ಕೂಡಿಬಂದದ್ದು ಗ್ರೀಕ್ ಮಾತಾಡುತ್ತಿದ್ದ ಈಜಿಪ್ಟಿನಲ್ಲಿ. ಆದರೆ ಗ್ರಹಗಳ ಲೆಕ್ಕ ಬ್ಯಾಬಿಲೋನಿನದು, 24 ಗಂಟೆ ಈಜಿಪ್ಟಿನದು. ಗ್ರೀಕ್ ಸಂಸ್ಕೃತಿ ಅಂತ ನಾವು ಕರೆಯೋದೇ ಹೀಗೆ ನಾಲ್ಕು ಮನೆಯಿಂದ ಕಡ ತಂದು ಮಾಡಿದ ಅಡುಗೆ. ಅದು ಹರಡಿದ್ದಕ್ಕೆ ಕಾರಣವೂ ಬಹುಶಃ ಅದೇ.

ಈಗ ವಾಟ್ಸಾಪ್‌ಗೆ ಬರೋಣ. ಪ್ರತಿ ರಾಜ್ಯೋತ್ಸವಕ್ಕೆ ಒಂದು ಫಾರ್ವರ್ಡ್ ಬಂದೇ ಬರುತ್ತೆ: ಎರಡನೇ ಶತಮಾನದ ಗ್ರೀಕ್ ನಾಟಕದಲ್ಲಿ ಕನ್ನಡ! ಇದು ಎಷ್ಟು ನಿಜ?

ಪಪೈರಸ್ ಇರೋದು ನಿಜ. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ಸಿಕ್ಕಿತು, 1903ರಲ್ಲಿ ಅಚ್ಚಾಯಿತು. ಅದೊಂದು ಪ್ರಹಸನ. ಖಾರಿಟಿಯಾನ್ ಅನ್ನುವ ಗ್ರೀಕ್ ಹುಡುಗಿ ಭಾರತದ ಕರಾವಳಿಯಲ್ಲಿ ಸೆರೆಯಲ್ಲಿದ್ದಾಳೆ. ಅವಳ ಅಣ್ಣ ಮತ್ತು ಸಂಗಡಿಗರು ಬಂದು, ಇಲ್ಲಿನ ರಾಜನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ, ಅವಳನ್ನು ಬಿಡಿಸಿಕೊಂಡು ಹೋಗುತ್ತಾರೆ. ಜತೆಗೊಬ್ಬ ಕೋಡಂಗಿ. ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಶ್ ಅನ್ನುವ ಶಾಸನತಜ್ಞರು ಅದು ಕನ್ನಡ ಇರಬಹುದು ಅಂದರು. 'ಬೇರೆ', 'ಕೊಂಚ', 'ಮಧು' ಅನ್ನೋ ಪದಗಳನ್ನು ಅದರಲ್ಲಿ ಓದಿದರು. ಮೈಸೂರಿನ ಶಾಮಾಶಾಸ್ತ್ರಿಗಳು, ಮಂಜೇಶ್ವರದ ಗೋವಿಂದ ಪೈಗಳು, ಸಾಲೆತೊರೆಯವರು ಇದರ ಹಿಂದೆ ಬಿದ್ದರು. ಬಾರ್ನೆಟ್ ಅನ್ನುವ ಇಂಗ್ಲಿಷ್ ವಿದ್ವಾಂಸರು 1926ರಲ್ಲಿ, ಇದು ಒಪ್ಪುವ ಹಾಗಿಲ್ಲ ಅಂದರು. ಕೆಲವರು ತುಳು ಅಂದರು. ಇನ್ನೂ ಕೆಲವರು ಬರೀ ಅರ್ಥವಿಲ್ಲದ ಸದ್ದು ಅಂದರು. ಇವತ್ತಿಗೂ ತೀರ್ಮಾನ ಆಗಿಲ್ಲ. ಹಾಗಾಗಿ ಫಾರ್ವರ್ಡ್ ಮಾಡುವಾಗ 'ಇರಬಹುದು' ಅಂತ ಒಂದು ಪದ ಸೇರಿಸಿ ಕಳಿಸಿ.

ಇನ್ನೊಂದು ವಿಷಯ ಯಾರೂ ಫಾರ್ವರ್ಡ್ ಮಾಡಲ್ಲ. ಅದು ಕನ್ನಡವೇ ಆಗಿದ್ದರೂ ಅಲ್ಲಿ ಅದು ಇರೋದು ನಗಿಸೋಕೆ. ಹಳೆಯ ಹಿಂದಿ ಸಿನಿಮಾದಲ್ಲಿ 'ಅಯ್ಯಯ್ಯೋ' ಅನ್ನುವ ಮದ್ರಾಸಿ ಇರುತ್ತಿದ್ದನಲ್ಲ, ಹಾಗೆ. ಪರದೇಶದವನ ಮಾತು ಪ್ರೇಕ್ಷಕರಿಗೆ ಗಲಗಲ ಸದ್ದು. ಹೆಮ್ಮೆ ಪಡೋಣ, ಬೇಡ ಅನ್ನಲ್ಲ. ಆದರೆ ಆ ನಾಟಕದಲ್ಲಿ ನಾವು ಯಾರು ಅನ್ನೋದು ಗೊತ್ತಿದ್ದು ಹೆಮ್ಮೆ ಪಡೋಣ.

ಅದನ್ನು ಓದೋಕೆ ಯಾಕೆ ಕಷ್ಟ ಅಂದರೆ, ಗ್ರೀಕ್ ಲಿಪಿಯಲ್ಲಿ ನಮ್ಮ ಅಕ್ಷರಗಳಿಲ್ಲ. 'ಳ' ಇಲ್ಲ, 'ಣ' ಇಲ್ಲ. ಪದಗಳ ನಡುವೆ ಜಾಗವನ್ನೂ ಬಿಟ್ಟಿಲ್ಲ. ನಕಲು ಮಾಡಿದವನಿಗೆ ಆ ಭಾಷೆ ಬರುತ್ತಿರಲಿಲ್ಲ. ಬೇರೆ ಲಿಪಿಯಲ್ಲಿ ಬರೆದಿಟ್ಟ ಮಾತು, ಆಡುವವರು ಹೋದ ಮೇಲೆ, ಬೀಗದ ಕೈ ಕಳೆದ ಪೆಟ್ಟಿಗೆ.

ಇದು ನನ್ನ ಮನೆಯಲ್ಲೇ ನಡೆಯುತ್ತಿದೆ ಅಂತ ತಿಳಿಯೋಕೆ ನನಗೆ ಸ್ವಲ್ಪ ತಡವಾಯಿತು. ಮಗಳಿಗೆ ಒಂಬತ್ತು ವರ್ಷ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಸ್ಕೂಲಿನಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ. ಕನ್ನಡ ಅಕ್ಷರ ಬರುತ್ತಿರಲಿಲ್ಲ. ಮಾತು ಬರುತ್ತಲ್ಲ ಸಾಕು ಅಂತ ನಾನೂ ನನ್ನ ಹೆಂಡತಿಯೂ ಅಂದುಕೊಂಡಿದ್ದೆವು. ಶಿರಸಿಯಲ್ಲಿರುವ ನನ್ನ ಅಪ್ಪನಿಗೆ ಎರಡು ವರ್ಷದಿಂದ ಕಿವಿ ಕೇಳೋದು ತೀರಾ ಕಡಿಮೆಯಾಗಿದೆ. ಮಷೀನ್ ಹಾಕಿಸಿದೆವು, ಹೊಂದಲಿಲ್ಲ. ಫೋನಿನಲ್ಲಿ ಮೊಮ್ಮಗಳು ಏನು ಹೇಳಿದರೂ "ಹಾಂ, ಹಾಂ" ಅಂತ ನಗುತ್ತಾರೆ ಅಷ್ಟೆ. ಪೇಪರ್ ಮಾತ್ರ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಾರೆ.

ಹಾಗಾಗಿ ಅವಳು ಮೆಸೇಜ್ ಕಳಿಸೋಕೆ ಶುರು ಮಾಡಿದಳು, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ. ಆ ಅಕ್ಷರದಲ್ಲಿ ಬೆಲೆ, ಬೆಳೆ, ಬೇಳೆ ಮೂರೂ ಒಂದೇ. ಅಪ್ಪ ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗನ ಹತ್ತಿರ ಓದಿಸಿಕೊಳ್ಳುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ಅಮ್ಮನಿಂದ, ಆರು ತಿಂಗಳ ಮೇಲೆ. ಅಜ್ಜ, ಮೊಮ್ಮಗಳು ಇಬ್ಬರೂ ಕನ್ನಡದವರೇ, ಇಬ್ಬರಿಗೂ ಹೇಳೋಕೆ ಬೇಕಾದಷ್ಟಿದೆ. ನಡುವೆ ಇರೋದು ಆ ಪಪೈರಸ್.

ಕಾರ್ಲೆಯ ಕಂಬದ ಮುಂದೆ ನಿಂತಾಗ ಅವಳು ಕೇಳಿದ್ದಳು, "ಅಪ್ಪಾ, ಈ ಯವನನ ಮಕ್ಕಳು ಎಲ್ಲಿ ಹೋದರು?" ಎಲ್ಲೂ ಹೋಗಲಿಲ್ಲ ಪುಟ್ಟಿ, ಇಲ್ಲಿಯವರೇ ಆದರು ಅಂದೆ. ಅದು ಸೋಲು ಅಂತ ನನಗೆ ಅನ್ನಿಸಲ್ಲ. ನಮ್ಮ ಮಕ್ಕಳು ಮುಂಬಯಿಯವರೇ ಆಗುತ್ತಾರೆ, ಮರಾಠಿ ಚೆನ್ನಾಗಿ ಕಲಿಯಲಿ. ಬೊರಿವಲಿಯ ಕಾನ್ಹೇರಿ ಗುಹೆಯಲ್ಲಿ ಒಂಬತ್ತನೇ ಶತಮಾನದ ಶಾಸನಗಳಿವೆ, ನಮ್ಮ ಅಮೋಘವರ್ಷನ ಆಳ್ವಿಕೆಯ ಕಾಲದವು, ಕವಿರಾಜಮಾರ್ಗ ಹುಟ್ಟಿದ ಆಸ್ಥಾನದ ರಾಜ. ಒಂದರಲ್ಲಿ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಒಬ್ಬ ಭಕ್ತ ನೂರು ದ್ರಮ್ಮ ದಾನ ಕೊಟ್ಟಿದ್ದಾನೆ. ದ್ರಮ್ಮ ಅಂದರೆ ಗ್ರೀಕರ ದ್ರಾಕ್ಮಾ. ಹಳೆಯ ಗ್ರೀಕ್ ರಾಜರ ದ್ರಾಕ್ಮಾ ಭರೂಚಿನಲ್ಲಿ ಇನ್ನೂ ಓಡುತ್ತಿದೆ ಅಂತ ಪೆರಿಪ್ಲಸ್‌ನವನು ಬರೆದು ಎಂಟುನೂರು ವರ್ಷ ಆಗಿತ್ತು. ಗ್ರೀಕ್ ಓದುವವರು ಇಲ್ಲಿ ಯಾರೂ ಇರಲಿಲ್ಲ, ದುಡ್ಡಿನ ಹೆಸರು ಮಾತ್ರ ಇತ್ತು. ಪದ ತನ್ನಷ್ಟಕ್ಕೆ ಬದುಕಿಕೊಳ್ಳುತ್ತೆ. ಆದರೆ ಅಜ್ಜನ ಹತ್ತಿರ ಮಾತಾಡೋಕೆ ಒಂದು ಪದ ಸಾಲಲ್ಲ.

ಅದಕ್ಕೇ ಡಿಸೆಂಬರ್‌ನಿಂದ ದಿನಾ ರಾತ್ರಿ ಊಟ ಆದಮೇಲೆ ಹದಿನೈದು ನಿಮಿಷ, ಸ್ಲೇಟು ಬಳಪ. ದೊಡ್ಡ ಸಾಧನೆ ಏನಿಲ್ಲ. ಆಫೀಸ್ ಕಾಲ್ ಇದ್ದ ದಿನ ತಪ್ಪುತ್ತೆ. ದೇವನಾಗರಿ ಬರುವ ಮಕ್ಕಳಿಗೆ ಕನ್ನಡ ಅಕ್ಷರ ಬೇಗ ಹತ್ತುತ್ತೆ, ಕ್ರಮ ಹೆಚ್ಚುಕಡಿಮೆ ಅದೇ ಅಲ್ಲವಾ. ಒತ್ತಕ್ಷರಕ್ಕೆ ಮಾತ್ರ ಜಗಳ. ಹೋದ ತಿಂಗಳು ಅವಳೇ ಕಾಗದದ ಮೇಲೆ ನಾಲ್ಕು ಸಾಲು ಬರೆದು ಫೋಟೋ ಕಳಿಸಿದಳು. ಊಟ ಅನ್ನೋದನ್ನು 'ಉಟ' ಅಂತ ಬರೆದಿದ್ದಳು. ಅಪ್ಪ ಅದೇ ದಿನ ಒಂದು ಪೂರ್ತಿ ಹಾಳೆ ಬರೆದು ಅದರ ಫೋಟೋ ಕಳಿಸಿದರು. ಅಡಿಕೆ ಕೊಯ್ಲು, ಬೆಕ್ಕು ಮರಿ ಹಾಕಿದ್ದು, ಬಾವಿಯ ನೀರು, ಎಲ್ಲ. ಕೊನೆಯಲ್ಲಿ, 'ಊಟಕ್ಕೆ ದೀರ್ಘ ಬೇಕು ಮಗಾ' ಅಂತ. ಅದನ್ನು ಓದಿ ಮುಗಿಸೋಕೆ ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಾನು ಸಹಾಯ ಮಾಡಲಿಲ್ಲ, ಅವಳು ಮಾಡೋಕೆ ಬಿಡಲೂ ಇಲ್ಲ.

ಕಾರ್ಲೆಗೆ ಹೋಗುವವರು ಲೋಣಾವಳದ ಮುಂದಿನ ಮಳವಲಿ ಸ್ಟೇಷನ್ನಿನಲ್ಲಿ ಇಳಿಯಬಹುದು. ಭಾನುವಾರ ಬೇಡ, ಏಕವೀರಾ ದೇವಿಗೆ ಬರುವವರ ಜಂಗುಳಿ ಇರುತ್ತೆ. ಬೆಳಗ್ಗೆ ಬೇಗ ಹೋಗಿ, ಮೆಟ್ಟಿಲು ಹತ್ತಬೇಕು, ನೀರು ಇಟ್ಟುಕೊಳ್ಳಿ. ಭೂತಪಾಲ ಸೆಟ್ಟಿಯ ಶಾಸನ ಮುಂಭಾಗದಲ್ಲಿದೆ, ಯವನರ ಹೆಸರುಗಳು ಒಳಗಿನ ಕಂಬಗಳ ಮೇಲೆ. ಮಕ್ಕಳನ್ನು ಕರೆದುಕೊಂಡು ಹೋಗಿ.